ಪ್ರಸಾದವೂ ಪ್ರೌಢಶಾಲೆಯ ಮಗಳೂ

ಎಂಟನೆಯ ತರಗತಿಗೆ ಕಾಲಿಡುವ ಮಕ್ಕಳ ಶರೀರವು ವೇಗದಿಂದ ಬೆಳೆಯುವುದು. ಹೆಣ್ಣುಮಕ್ಕಳಿಗೆ ಮಾಸಿಕ ಸ್ರಾವವೂ ಆರಂಭವಾಗುವುದರಿಂದ ಕಬ್ಬಿಣದ ಅಂಶವು ಹೆಚ್ಚು ಬೇಕು. ಆದರೆ ಮದ್ದೂರು, ಮಳವಳ್ಳಿಯ ಕಡೆ ಬರಿಯ ಚಹಾ ಕುಡಿದು ಬೆಳಗಿನ ಬಸ್ಸಿಗೆ ಓಡುವ ಬಾಲಕಿಯರನ್ನು ನಾವು ಕಂಡಿದ್ದೇವೆ. ರಾತ್ರಿ ಎಲ್ಲರಿಗೂ ಬಡಿಸಿ, ಉಳಿದುದನ್ನು ಉಣ್ಣುವವರೂ ಅವರೇ.

ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ದಾಸೋಹದ ಪಂಕ್ತಿಯಲ್ಲಿ ಸಲ್ಲದ ಭೇದವು ಮನೆಯ ಪಂಕ್ತಿಯಲ್ಲಿ ಸಲ್ಲುವುದೆಂತು? 2002ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಶಾಲೆಯ ಬಿಸಿಯೂಟಕ್ಕೂ 'ಅಕ್ಷರ ದಾಸೋಹ'ವೆಂದೇ ಹೆಸರು. ಆದರೆ ಮಧ್ಯಾಹ್ನದ ಅನ್ನವು ಬೆಳಗಿನ ಹಸಿವನ್ನು ನೀಗಲಾರದು.

ಮಂಡ್ಯದ ಸೀಮೆಯವರು ಪೌಷ್ಟಿಕ ಆಹಾರವನ್ನು ದೂರದಲ್ಲಿ ಅರಸಬೇಕಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿಯಲ್ಲಿ ಅದು ಅತ್ಯಲ್ಪ. ಬೆಳಗ್ಗೆ ರಾಗಿರೊಟ್ಟಿ, ಸೊಪ್ಪಿನ ಪಲ್ಯ, ಒಂದು ಲೋಟ ಮಜ್ಜಿಗೆ. ರಾತ್ರಿ ಮುದ್ದೆ, ಹುರುಳಿ ಸಾರು ಸಾಕು. ಪಲ್ಯಕ್ಕೆ ನಿಂಬೆರಸ ಬೆರೆತರೆ ಅದರ ಕಬ್ಬಿಣವು ದೇಹಕ್ಕೆ ಹೆಚ್ಚು ಸೇರುವುದು. ಊಟದೊಡನೆ ಚಹಾ ಕುಡಿದರೆ ಕಡಿಮೆಯಾಗುವುದು.

ತಾಯಿತಂದೆಗಳೇ, ಮಗಳನ್ನೂ ಎಲ್ಲರೊಡನೆ ಪಂಕ್ತಿಯಲ್ಲಿ ಕೂರಿಸಿರಿ. ಬಡಿಸುವ ಸರದಿ ಮಗನಿಗೂ ಬರಲಿ. ಆಗ ನಮ್ಮ ಮನೆಯ ಊಟವೂ ಪ್ರಸಾದವಾಗುವುದು.