ಯಾತ್ರೆಗೆ ತಕ್ಕ ಸೈಕಲ್ಲು

ಚನ್ನರಾಯಪಟ್ಟಣದ ಕಡೆಯ ಗೃಹಸ್ಥರೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರ ಮಗನು ಎಡೆಯೂರಿನ ಶ್ರೀ ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆಯ ದರ್ಶನಕ್ಕೆ ಊರಿನಿಂದ ಸೈಕಲ್ಲಿನಲ್ಲಿಯೇ ಹೋಗಬೇಕೆಂದು ಸಂಕಲ್ಪಿಸಿ, ಅದಕ್ಕಾಗಿ ಹೆಚ್ಚಿನ ಬೆಲೆಯ ಸೈಕಲ್ಲೊಂದನ್ನು ಕೊಳ್ಳಲು ಹಟ ಹಿಡಿದಿದ್ದಾನಂತೆ. ಅಣ್ಣನೊಡನೆ ತಾನೂ ಹೊರಡುವೆನೆಂದು ಕಾಲೇಜಿನಲ್ಲಿ ಓದುವ ಮಗಳು ಪಟ್ಟು ಹಿಡಿದಿದ್ದಾಳಂತೆ. “ಬಸ್ಸು, ರೈಲು, ಕಾರುಗಳಿರುವ ಕಾಲದಲ್ಲಿ ಇದೇನು ಹುಚ್ಚು? ಒಪ್ಪಿಗೆ ಕೊಡಬಹುದೇ? ಕೊಟ್ಟರೆ ಎಂತಹ ಸೈಕಲ್ಲು ಕೊಡಿಸಬೇಕು?” ಎಂಬುದು ಅವರ ಪ್ರಶ್ನೆ.

ಮಠದಲ್ಲಿ ಶಾಸ್ತ್ರ ಓದಿದವರಿಗೆ ಸೈಕಲ್ಲಿನ ವಿಚಾರವೇಕೆಂದು ಕೆಲವರು ನಗಬಹುದು. ಆದರೆ ಕಾಯಕವನ್ನು ಧರ್ಮದ ನಡುಮನೆಯಲ್ಲಿಟ್ಟು ಪೂಜಿಸಿದ ಶರಣರ ಪರಂಪರೆಯಲ್ಲಿ ಉಪಕರಣದ ಮಾತು ಕೀಳಾದುದಲ್ಲ. ನೇಗಿಲು, ಮಗ್ಗ, ಹರಿಗೋಲುಗಳೊಡನೆ ಬದುಕಿದವರೇ ಅನುಭವ ಮಂಟಪದಲ್ಲಿ ಕುಳಿತು ತತ್ತ್ವವನ್ನು ನುಡಿದರು. ಸ್ವಂತ ಮೈಬೆವರಿನಿಂದ ಸಾಗುವ ಯಾತ್ರೆಯನ್ನು ಹುಚ್ಚೆನ್ನಲು ನಮಗೆ ಮನಸ್ಸಿಲ್ಲ. ಹುಚ್ಚೆನಿಸುವುದು ಬೇರೊಂದು: ಹೋಗುವ ದಾರಿ ಯಾವುದೆಂದು ತಿಳಿಯದೆ ಮೊದಲು ಸೈಕಲ್ಲು ಕೊಳ್ಳುವುದು. ಇಂದು ಅನೇಕ ಮನೆಗಳ ಜಗುಲಿಯಲ್ಲಿ ದಪ್ಪ ಟೈರಿನ, ಹತ್ತಾರು ಗೇರಿನ ಸೈಕಲ್ಲುಗಳು ಒಂದು ಮಳೆಗಾಲಕ್ಕೆ ತುಕ್ಕು ಹಿಡಿದು ನಿಂತಿರುವುದಕ್ಕೆ ಕಾರಣವಿದೇ. ಯಾತ್ರೆ ಮೊದಲು, ಸೈಕಲ್ಲು ಆಮೇಲೆ.

ನಮ್ಮ ಸೀಮೆಯ ಯಾತ್ರೆಗಳಿಗೆ ಒದಗುವ ಸೈಕಲ್ಲುಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಎಲ್ಲರೂ ಬಲ್ಲ ಕಪ್ಪು ಬಣ್ಣದ ಹಳೆಯ ಮಾದರಿ. ತೂಕ ಇಪ್ಪತ್ತು ಕಿಲೋಗೆ ಕಡಿಮೆಯಿಲ್ಲ, ಗೇರೂ ಇಲ್ಲ. ಆದರೂ ಅದರ 28 ಇಂಚಿನ ಟೈರು, ಟ್ಯೂಬುಗಳು ಹಳ್ಳಿಯ ಸಣ್ಣ ಅಂಗಡಿಯಲ್ಲಿಯೂ ದೊರೆಯುತ್ತವೆ. 1923ರಲ್ಲಿ ಮುಂಬಯಿಯಿಂದ ಹೊರಟ ಪಾರಸಿ ತರುಣರ ತಂಡದಲ್ಲಿ ಮೂವರು ಗೇರುಗಳ ವೈಭವವಿಲ್ಲದ ಕಾಲದಲ್ಲಿಯೇ ಸೈಕಲ್ಲಿನಲ್ಲಿ ಜಗತ್ತನ್ನು ಸುತ್ತಿ 1928ರಲ್ಲಿ ಹಿಂದಿರುಗಿದರು. ಕರ್ನಾಟಕ ಸರಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ಕೊಡುವ ಯೋಜನೆ ಆರಂಭಿಸಿದಾಗ ಬಂದವೂ ಇಂತಹ ಸರಳ ಸೈಕಲ್ಲುಗಳೇ. ಬಸ್ಸಿಲ್ಲದ ಊರುಗಳ ಎಷ್ಟೋ ಹೆಣ್ಣುಮಕ್ಕಳು ಅವುಗಳಿಂದ ಪ್ರೌಢಶಾಲೆಯ ಮೆಟ್ಟಿಲು ಹತ್ತಿದರು. ಆದುದರಿಂದ ಸರಳವಾದುದನ್ನು ಹೀನವೆಂದು ಎಣಿಸಬಾರದು.

ಎರಡನೆಯದು ಮಡಿಚುವ ಸೈಕಲ್ಲು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಂಗ್ಲ ಸೈನಿಕರು ಇಂತಹದನ್ನು ಹಿಡಿದು ವಿಮಾನದಿಂದ ಧುಮುಕುತ್ತಿದ್ದರು. 1970ರ ದಶಕದಲ್ಲಿ ಲಂಡನ್ನಿನ ಆಂಡ್ರ್ಯೂ ರಿಚೀ ಎಂಬ ಇಂಜಿನಿಯರರು ರೂಪಿಸಿದ ಬ್ರಾಂಪ್ಟನ್ ಮಾದರಿಯು ಈ ಬಗೆಗೆ ಜಗತ್ತಿನಾದ್ಯಂತ ಹೆಸರು ತಂದಿತು. ಸಾಮಾನ್ಯವಾಗಿ ಇವುಗಳ ಗಾಲಿ 16 ಅಥವಾ 20 ಇಂಚು, ತೂಕ ಹನ್ನೊಂದರಿಂದ ಹದಿನಾಲ್ಕು ಕಿಲೋ. 2017ರ ಮಾರ್ಚಿಯಲ್ಲಿ ಬೆಂಗಳೂರು–ಹಾಸನ ನೇರ ರೈಲುಮಾರ್ಗ ತೆರೆದ ಮೇಲೆ ನಮ್ಮವರಿಗೆ ಇದರ ಉಪಯೋಗ ಹೆಚ್ಚಿದೆ. ಕುಣಿಗಲ್, ಎಡೆಯೂರು, ಶ್ರವಣಬೆಳಗೊಳ, ಚನ್ನರಾಯಪಟ್ಟಣಗಳು ಆ ಮಾರ್ಗದಲ್ಲಿವೆ. ಹೊಳೆನರಸೀಪುರವು ಹಾಸನ–ಮೈಸೂರು ಮಾರ್ಗದಲ್ಲಿದೆ. ಅರಕಲಗೂಡಿಗೆ ಮಾತ್ರ ರೈಲಿಲ್ಲ. ರೈಲಿಳಿದು ಸೈಕಲ್ಲನ್ನು ಬಿಚ್ಚಿ ಊರು ಸೇರಲು ಇದಕ್ಕಿಂತ ಅನುಕೂಲವಾದುದಿಲ್ಲ. ಇಡೀ ಸೈಕಲ್ಲನ್ನು ಒಯ್ಯಬೇಕಾದರೆ ಲಗೇಜು ಡಬ್ಬಿಗೆ ಬುಕ್ ಮಾಡಿಸಬೇಕು. ಸಣ್ಣ ನಿಲ್ದಾಣಗಳಲ್ಲಿ ರೈಲು ಒಂದೆರಡು ನಿಮಿಷ ಮಾತ್ರ ನಿಲ್ಲುವುದರಿಂದ ಅದು ತೊಡಕಿನ ಕೆಲಸ. ಮಡಿಚಿದ್ದನ್ನಾದರೂ ಚೀಲದಲ್ಲಿ ಕಟ್ಟಿ, ಅಳತೆಯು ರೈಲ್ವೆ ನಿಯಮಕ್ಕೆ ಹೊಂದುವುದೇ ಎಂದು ಮುಂಚೆಯೇ ವಿಚಾರಿಸಿಕೊಳ್ಳುವುದು ಲೇಸು.

ಕೊಳ್ಳುವಾಗ ಬಣ್ಣವನ್ನು ನೋಡದೆ ಕೀಲನ್ನು ನೋಡಬೇಕು. ಅಂಗಡಿಯಲ್ಲಿಯೇ ಐದಾರು ಸಲ ಮಡಿಚಿ ಬಿಚ್ಚಿ, ಚಿಲಕ ಬಿಗಿಯಾಗಿ ಕೂರುವುದೇ, ಸವಾರಿಯಲ್ಲಿ ಹ್ಯಾಂಡಲ್ ಅಲುಗುವುದೇ ಎಂದು ಪರೀಕ್ಷಿಸಬೇಕು. 16 ಇಂಚಿನದು ಚಿಕ್ಕದಾಗಿ ಮಡಿಯುತ್ತದೆ, ನಿಜ; ಆದರೆ ನಮ್ಮ ಊರುಗಳಿಗೆ 20 ಇಂಚಿನ ಗಾಲಿಯೇ ಮೇಲು. ಮಕ್ಕಳ ಸೈಕಲ್ಲಿಗೂ ಅದೇ ಅಳತೆಯ ಗಾಲಿಯಿರುವುದರಿಂದ ಟ್ಯೂಬು ಸುಲಭವಾಗಿ ಸಿಗುತ್ತದೆ. ಸಣ್ಣ ಗಾಲಿಯು ಗುಂಡಿಗೆ ಆಳವಾಗಿ ಬೀಳುತ್ತದೆ ಎಂಬುದನ್ನು ಮರೆಯದೆ, ಇದರಲ್ಲಿ ದಿನಕ್ಕೆ ಇಪ್ಪತ್ತು ಮೂವತ್ತು ಕಿಲೋಮೀಟರಿಗೆ ತೃಪ್ತರಾಗಬೇಕು.

ಮೂರನೆಯದು ದೂರಯಾನದ ಟೂರಿಂಗ್ ಸೈಕಲ್ಲು. ಭಾರ ಹೊತ್ತು ದಿನಗಟ್ಟಲೆ ಸಾಗುವುದಕ್ಕೆಂದೇ ಇದನ್ನು ಕಟ್ಟಿರುತ್ತಾರೆ. ಗಟ್ಟಿಯಾದ ಉಕ್ಕಿನ ಚೌಕಟ್ಟು, 36 ಕಡ್ಡಿಗಳ ಗಾಲಿ, ಮುಂದೆ ಹಿಂದೆ ಕ್ಯಾರಿಯರ್ ಬಿಗಿಯಲು ತೂತುಗಳು, ಏರು ಹತ್ತುವಾಗ ಮೊಣಕಾಲಿಗೆ ನೋವಾಗದಂತಹ ಹಗುರ ಗೇರು ಇವು ಅದರ ಲಕ್ಷಣಗಳು. ಪೆಡಲಿಗೂ ಹಿಂದಿನ ಗಾಲಿಗೂ ನಡುವೆ ಅಂತರ ಹೆಚ್ಚಿರುವುದರಿಂದ ತುಳಿಯುವಾಗ ಹಿಮ್ಮಡಿಯು ಚೀಲಕ್ಕೆ ತಗಲುವುದಿಲ್ಲ. ಟೈರಿನ ಅಗಲ 35 ಮಿಲಿಮೀಟರಿಗೆ ಕಡಿಮೆಯಿಲ್ಲದಿದ್ದರೆ ನಮ್ಮ ಹಳ್ಳಿ ರಸ್ತೆಗಳಿಗೆ ಸರಿಹೋಗುತ್ತದೆ. ಈ ಗಾಲಿಯ ಅಳತೆ ಹಳೆಯ 28 ಇಂಚಿನದಕ್ಕಿಂತ ಬೇರೆ; ಹಳ್ಳಿಯ ಅಂಗಡಿಯ ಟೈರು ಇದಕ್ಕೆ ಕೂಡುವುದಿಲ್ಲ. ಎರಡು ಟ್ಯೂಬು, ಪಂಕ್ಚರಿನ ಸಾಮಾನು, ಸ್ವಂತ ಪಂಪು ಜೊತೆಯಲ್ಲಿರಲೇಬೇಕು. ಯಾವ ಸೈಕಲ್ಲಾದರೂ ಸವಾರನ ಎತ್ತರಕ್ಕೆ ಹೊಂದಬೇಕು: ಸೀಟಿನಲ್ಲಿ ಕುಳಿತು ಪೆಡಲನ್ನು ಕೆಳಗೊತ್ತಿದಾಗ ಮೊಣಕಾಲು ತುಸುವೇ ಬಾಗಿರಬೇಕು.

ಇಂತಹ ಸೈಕಲ್ಲಿಗೆ ನಮ್ಮ ಜಿಲ್ಲೆಯಲ್ಲಿಯೇ ಒಂದು ಒಳ್ಳೆಯ ಸುತ್ತು ಇದೆ. ಹಾಸನದಿಂದ ಗೊರೂರಿನ ಹೇಮಾವತಿ ಜಲಾಶಯವನ್ನು ನೋಡಿಕೊಂಡು ಅರಕಲಗೂಡು, ಅಲ್ಲಿಂದ ಹೊಳೆನರಸೀಪುರ, ಚನ್ನರಾಯಪಟ್ಟಣ, ಮರಳಿ ಹಾಸನ. ಒಟ್ಟು ಸುಮಾರು 125 ಕಿಲೋಮೀಟರು. ಗಂಟೆಗೆ ಹನ್ನೆರಡು ಕಿಲೋಮೀಟರಿನಂತೆ ಸಾಗುವ ಹೊಸಬರು ಮೂರು ದಿನ ಇಟ್ಟುಕೊಂಡರೆ ದೇಹಕ್ಕೂ ದರ್ಶನಕ್ಕೂ ಬಿಡುವಿರುತ್ತದೆ. ಹಾಸನ ಎತ್ತರದಲ್ಲಿರುವುದರಿಂದ ಕಡೆಯ ದಿನ ಏರು ಹೆಚ್ಚು; ಶಕ್ತಿಯನ್ನು ಉಳಿಸಿಕೊಂಡಿರಬೇಕು. ಆ ದಿನದ ಹಾದಿ ರಾಷ್ಟ್ರೀಯ ಹೆದ್ದಾರಿ 75. ಲಾರಿ ಬಸ್ಸುಗಳು ಬಿರುಸಿನಿಂದ ನುಗ್ಗುವ ಅಲ್ಲಿ ಸರ್ವಿಸ್ ರಸ್ತೆಯಿರುವೆಡೆ ಅದನ್ನೇ ಹಿಡಿಯಬೇಕು, ಇಲ್ಲದೆಡೆ ಎಡ ಅಂಚನ್ನು ಬಿಡಬಾರದು. ಕತ್ತಲಾದ ಮೇಲೆ ಸವಾರಿ ಸರ್ವಥಾ ಕೂಡದು. ತಲೆಗೆ ಹೆಲ್ಮೆಟ್ಟು, ಹಿಂದೆ ಕೆಂಪು ದೀಪ ಇರಲೇಬೇಕು. ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಕಾಲ ಪ್ರಶಸ್ತ. ಸುಗ್ಗಿಯಲ್ಲಿ ರೈತರು ರಸ್ತೆಯ ಮೇಲೆ ರಾಗಿ, ಹುರುಳಿಗಳನ್ನು ಹರಡಿರುತ್ತಾರೆ. ಅದರ ಮೇಲೆ ಹಾಯ್ದರೆ ಗಾಲಿ ಜಾರುತ್ತದೆ, ಹುಲ್ಲು ಚೈನಿಗೆ ಸುತ್ತಿಕೊಳ್ಳುತ್ತದೆ. ಇಳಿದು ತಳ್ಳಿಕೊಂಡು ಹೋಗುವುದೇ ಸವಾರನಿಗೆ ಕ್ಷೇಮ, ಧಾನ್ಯಕ್ಕೂ ಗೌರವ.

ಇನ್ನು ಲಿಂಗಧಾರಿಗಳು ಗಮನಿಸಬೇಕಾದ ಮುಖ್ಯ ವಿಷಯವೊಂದಿದೆ. ಬೆವರುತ್ತದೆ, ಬಾಗಿದಾಗ ತೂಗಾಡುತ್ತದೆ ಎಂದು ಕೆಲವು ತರುಣರು ಇಷ್ಟಲಿಂಗದ ಕರಡಿಗೆಯನ್ನು ಕ್ಯಾರಿಯರಿನ ಚೀಲಕ್ಕೆ ಸೇರಿಸುವುದುಂಟು. ಇದು ಸಲ್ಲದು. ಲಿಂಗವು ಅಂಗವನ್ನು ಅಗಲಬಾರದೆಂಬುದು ನಮ್ಮ ಆಚಾರದ ಮೂಲ. ಹಗುರವಾದ ಕರಡಿಗೆಯನ್ನು ಆರಿಸಿ, ಅಥವಾ ಶುಭ್ರ ವಸ್ತ್ರದಲ್ಲಿ ಸುತ್ತಿ, ಶಿವದಾರವನ್ನು ಗಿಡ್ಡಮಾಡಿ ಒಳ ಅಂಗಿಯ ಕೆಳಗೆ ಎದೆಗೆ ಒತ್ತಿಕೊಂಡಿರುವಂತೆ ಕಟ್ಟಿದರೆ ಅಲುಗಾಟವಿರದು. ಬೆಳಗಿನ ಪೂಜೆಯನ್ನು ಮುಗಿಸಿಯೇ ಹೊರಡಬೇಕು. ಚೀಲದಲ್ಲಿ ವಿಭೂತಿಗೂ ಮಡಿವಸ್ತ್ರಕ್ಕೂ ಮೊದಲ ಸ್ಥಾನ ಇರಲಿ. ಮಠಗಳಲ್ಲಿ ಉಳಿಯುವ ಇಚ್ಛೆಯಿದ್ದರೆ ಮುಂಚಿತವಾಗಿ ತಿಳಿಸಿ ಅಪ್ಪಣೆ ಪಡೆಯಬೇಕು. ದಾಸೋಹದ ಪ್ರಸಾದವನ್ನು ಸ್ವೀಕರಿಸಿದವರು ಅಲ್ಲಿ ಒಂದು ಗಳಿಗೆಯಾದರೂ ಸೇವೆ ಮಾಡಿ ಬರುವುದು ಶೋಭೆ.

ಮಗಳ ಪ್ರಶ್ನೆಗೆ ಬರೋಣ. ಗೃಹಸ್ಥರು ಮಗನ ವಿಷಯದಲ್ಲಿ ಹಣದ ಚಿಂತೆಯನ್ನೂ ಮಗಳ ವಿಷಯದಲ್ಲಿ ನೆಂಟರ ಮಾತಿನ ಚಿಂತೆಯನ್ನೂ ಬರೆದಿದ್ದಾರೆ. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ಒಂಟಿಯಾಗಿ ನಡೆದ ಅಕ್ಕಮಹಾದೇವಿಯನ್ನು ನಿತ್ಯ ಸ್ಮರಿಸುವ ಮನೆಯಲ್ಲಿ, ಅಣ್ಣನೊಡನೆ ಹೊರಟ ಹೆಣ್ಣುಮಗಳನ್ನು ಬಾಗಿಲಲ್ಲಿ ತಡೆಯಲು ನಮಗೆ ಯಾವ ಶಾಸ್ತ್ರವೂ ಕಾಣುವುದಿಲ್ಲ. ರಸ್ತೆಯ ಅಪಾಯ ಇಬ್ಬರಿಗೂ ಒಂದೇ. ಅದರ ವಿಷಯದಲ್ಲಿ ಎಚ್ಚರಿಕೆಯೂ ಇಬ್ಬರಿಗೂ ಒಂದೇ ಇರಲಿ.

ಆದುದರಿಂದ ಆ ಗೃಹಸ್ಥರಿಗೆ ನಮ್ಮ ಸಲಹೆ ಇಷ್ಟು. ದೊಡ್ಡ ಬೆಲೆಯ ಸೈಕಲ್ಲನ್ನು ಇಂದೇ ಕೊಡಿಸಬೇಡಿ. ಮನೆಯಲ್ಲಿರುವ ಅಥವಾ ಬಾಡಿಗೆಗೆ ದೊರೆಯುವ ಸೈಕಲ್ಲಿನಲ್ಲಿ ಮಕ್ಕಳಿಬ್ಬರೂ ಮೊದಲು ಶ್ರವಣಬೆಳಗೊಳಕ್ಕೆ ಹೋಗಿಬರಲಿ. ಹೋಗಿ ಬರುವುದಕ್ಕೆ ಸುಮಾರು 25 ಕಿಲೋಮೀಟರು. ಹೀಗೆ ನಾಲ್ಕು ಭಾನುವಾರ ತಪ್ಪದೆ ಸವಾರಿ ಮಾಡಿದರೆ ಸಂಕಲ್ಪ ಗಟ್ಟಿಯೆಂದು ತಿಳಿಯಿರಿ. ರಜೆಗೆ ಬರುವಾಗ ರೈಲಿನಲ್ಲಿ ತಂದು ಊರಿನಲ್ಲಿ ಓಡಾಡುವುದಷ್ಟೇ ಮಗನ ಉದ್ದೇಶವಾದರೆ ಮಡಿಚುವ ಸೈಕಲ್ಲು ಸಾಕು. ವರ್ಷವರ್ಷವೂ ಕ್ಷೇತ್ರದಿಂದ ಕ್ಷೇತ್ರಕ್ಕೆ ಸಾಗುವ ಮನಸ್ಸಿದ್ದರೆ ಟೂರಿಂಗ್ ಸೈಕಲ್ಲಿಗೆ ಹಣ ಹಾಕುವುದು ವ್ಯರ್ಥವಲ್ಲ. ಚನ್ನರಾಯಪಟ್ಟಣದಿಂದ ಎಡೆಯೂರಿಗೆ 50 ಕಿಲೋಮೀಟರಿಗೂ ಮಿಕ್ಕಿದ ದೂರ; ಮುಂಜಾನೆ ಹೊರಟು, ಬಿಸಿಲೇರುವ ಹೊತ್ತಿಗೆ ವಿಶ್ರಮಿಸಿ, ಹೊತ್ತು ಮುಳುಗುವ ಮೊದಲೇ ಗದ್ದುಗೆಯ ಸನ್ನಿಧಿ ಸೇರಬಹುದು. ಆ ರಾತ್ರಿ ಅಲ್ಲಿಯೇ ತಂಗಿ ಮರುದಿನ ಮರಳಲಿ.

ನಿಂತಲ್ಲಿ ನಿಲ್ಲದೆ ಭಕ್ತರ ಮನೆಬಾಗಿಲಿಗೆ ಸಂಚರಿಸಿದ ಜಂಗಮರಿಂದಲೇ ನಮ್ಮ ಧರ್ಮವು ನಾಡಿನ ಮೂಲೆಮೂಲೆಗೂ ತಲುಪಿತು. ಮಕ್ಕಳು ತಮ್ಮ ನಾಡನ್ನು ಕಿಟಕಿಯ ಗಾಜಿನಿಂದ ನೋಡದೆ, ನೆಲದ ಏರಿಳಿತವನ್ನು ಕಾಲಿನಿಂದ ಅರಿತು, ದಾರಿಯಲ್ಲಿ ನೀರು ಕೊಟ್ಟವರ ಮುಖವನ್ನು ನೆನಪಿಟ್ಟುಕೊಂಡು ಬರಲಿ. ಹಿರಿಯರು ಹರಸಿ ಕಳುಹಿಸಿರಿ; ಹೊರಡುವ ಮುನ್ನ ಬ್ರೇಕನ್ನು ಮಾತ್ರ ನಿಮ್ಮ ಕೈಯಿಂದಲೇ ಒಮ್ಮೆ ಒತ್ತಿ ನೋಡಿರಿ.