ಹಳದಿ ಬೆಲ್ಟು, ಕಪ್ಪು ಬೆಲ್ಟು, ಬರಿದಾದ ಜೇಬು

ಕಳೆದ ಭಾನುವಾರ ನಮ್ಮ ಊರಿನ ಒಂದು ಕಲ್ಯಾಣಮಂಟಪದಲ್ಲಿ ಮಕ್ಕಳ ಕರಾಟೆ ಬೆಲ್ಟು ಪರೀಕ್ಷೆ ನಡೆಯಿತು. ಬಿಳಿ ಬಟ್ಟೆ ತೊಟ್ಟ 90 ಮಕ್ಕಳು ಒಳಗೆ ಸಾಲಾಗಿ ನಿಂತಿದ್ದರು. ಬಾಗಿಲ ಹೊರಗೆ, ಚಪ್ಪಲಿಗಳ ರಾಶಿಯ ಪಕ್ಕದಲ್ಲಿ, ಅದೇ ಬಿಳಿ ಬಟ್ಟೆ ತೊಟ್ಟ ಇನ್ನೊಂದು ಮಗು ನಿಂತಿತ್ತು. ಹನ್ನೊಂದು ವರ್ಷದ ಹುಡುಗಿ. ನೂಲಿನ ಗಿರಣಿಯಲ್ಲಿ ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದ ತಂದೆ ಅವಳ ಕೈ ಹಿಡಿದುಕೊಂಡಿದ್ದ.

"ಯಾಕಣ್ಣ, ಮಗೂನ ಒಳಗೆ ಕಳಿಸಲಿಲ್ವಾ?" ಎಂದು ಕೇಳಿದೆ.

"ಆರ್ನೂರು ರೂಪಾಯಿ ಕಟ್ಟಬೇಕಂತೆ ಸ್ವಾಮಿ. ಬೆಲ್ಟಿಗೆ ಬೇರೆ ಇನ್ನೂರೈವತ್ತು. ಸಂಬಳ ಆಗ್ಲಿ, ಹತ್ತನೇ ತಾರೀಕು ಕೊಡ್ತೀನಿ ಅಂದೆ. ಹಂಗಾದ್ರೆ ಮುಂದಿನ ಪರೀಕ್ಷೆಗೆ ಬರ್ಲಿ ಅಂದ್ರು. ಮುಂದಿನದು ಇನ್ನು ನಾಲ್ಕು ತಿಂಗಳಿಗೆ."

ಒಳಗೆ ಮಾಸ್ಟರು ಜಪಾನಿ ಭಾಷೆಯಲ್ಲಿ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದರು. ಹೊರಗೆ ಆ ಹುಡುಗಿಯ ಕೈಗಳು ಆ ಎಣಿಕೆಗೆ ತಾವಾಗಿಯೇ ಆಡುತ್ತಿದ್ದವು. ಅವಳು ಕಲಿತಿದ್ದಾಳೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅವಳ ನಂತರ ಸೇರಿದ ಒಬ್ಬ ಹುಡುಗ ಅರ್ಧದಲ್ಲಿ ವರಸೆ ಮರೆತು ಪಕ್ಕದವನನ್ನು ನೋಡಿಕೊಂಡು ಮುಗಿಸಿದ. ಅವನಿಗೆ ಹಳದಿ ಬೆಲ್ಟು ಬಂತು. ಇವಳು ಬಿಳಿ ಬೆಲ್ಟಿನಲ್ಲಿಯೇ ಮನೆಗೆ ನಡೆದಳು.

ಇದು ಪರೀಕ್ಷೆಯೋ, ವಸೂಲಿಯೋ? ಈ ಪ್ರಶ್ನೆಯನ್ನು ನಾವು ಬಹಿರಂಗವಾಗಿ ಕೇಳಬೇಕಾದ ಕಾಲ ಬಂದಿದೆ.

ಮೊದಲೇ ಒಂದು ಮಾತು. ನಾವು ಕರಾಟೆಯ ವಿರೋಧಿಗಳಲ್ಲ. ಮಕ್ಕಳು ಬೆವರು ಸುರಿಸಿ ಮೈ ಬೆಳೆಸುವುದು ಒಳ್ಳೆಯದು. ಹೆಣ್ಣು ಮಕ್ಕಳು ಹೆದರದೆ ಬೀದಿಯಲ್ಲಿ ನಡೆಯುವುದನ್ನು ಕಲಿತರೆ ಇನ್ನೂ ಒಳ್ಳೆಯದು. ಕಲಿಸುವವನ ದುಡಿಮೆಗೆ ಕೂಲಿ ಸಲ್ಲಬೇಕೆಂಬುದನ್ನು ನಾವಲ್ಲದೆ ಮತ್ತಾರು ಹೇಳಬೇಕು? ನಮ್ಮ ಆಕ್ಷೇಪಣೆ ಇರುವುದು ಮರೆಯಲ್ಲಿಟ್ಟ ಬೆಲೆಯ ಬಗ್ಗೆ.

ಲೆಕ್ಕ ಹಾಕೋಣ. ಆ ತಂದೆ ನನಗೆ ತೋರಿಸಿದ ಚೀಟಿಯಲ್ಲಿದ್ದ ದರಗಳಿವು. ಹಳದಿ ಬೆಲ್ಟಿನ ಪರೀಕ್ಷೆಗೆ 600 ರೂಪಾಯಿ, ಕಿತ್ತಳೆಗೆ 700, ಹಸಿರಿಗೆ 800, ನೀಲಿಗೆ 900, ನೇರಳೆಗೆ 1,000. ಕಂದು ಬೆಲ್ಟಿಗೆ ಮೂರು ಮೆಟ್ಟಿಲು, ಒಂದೊಂದಕ್ಕೆ 1,500. ಕಪ್ಪು ಬೆಲ್ಟಿಗೆ 8,000. ಒಟ್ಟು 16,500. ಇದಲ್ಲದೆ ಕಪ್ಪಿನ ಹೊರತು ಉಳಿದ ಆರು ಬಣ್ಣದ ಬೆಲ್ಟುಗಳಿಗೆ ತಲಾ 250ರಂತೆ 1,500. ಎರಡೂ ಸೇರಿ 18,000 ರೂಪಾಯಿ. ಈ ದಾರಿ ಸವೆಸಲು ಸುಮಾರು ನಾಲ್ಕು ವರ್ಷ ಬೇಕು. ತಿಂಗಳ ಶುಲ್ಕ 500ರಂತೆ ನಾಲ್ಕು ವರ್ಷಕ್ಕೆ 24,000. ಅಂದರೆ ಸೇರುವಾಗ ಬಾಯಿಬಿಟ್ಟು ಹೇಳಿದ ಪ್ರತಿ ನಾಲ್ಕು ರೂಪಾಯಿಯ ಹಿಂದೆ ಹೇಳದೆ ಉಳಿಸಿಕೊಂಡ ಮೂರು ರೂಪಾಯಿ ಅಡಗಿದೆ! ತಿಂಗಳಿಗೆ 875 ರೂಪಾಯಿ ಎಂದು ಮೊದಲ ದಿನವೇ ಹೇಳಿದ್ದರೆ ಆ ಕಾರ್ಮಿಕ ಯೋಚಿಸಿ ಹೆಜ್ಜೆ ಇಡುತ್ತಿದ್ದ. ಈಗ ಮಗು ಒಂದು ವರ್ಷ ಕಲಿತು, ಗೆಳತಿಯರನ್ನು ಸಂಪಾದಿಸಿ, ಆಸೆ ಬೆಳೆಸಿಕೊಂಡ ಮೇಲೆ ಅವನ ಕೊರಳಿಗೆ ಹಗ್ಗ ಬಿದ್ದಿದೆ. ಮಗುವಿನ ಕಣ್ಣೀರನ್ನು ಮುಂದಿಟ್ಟುಕೊಂಡು ಅಪ್ಪನ ಜೇಬಿಗೆ ಕೈ ಹಾಕುವುದು ಯಾವ ಶಿಸ್ತು?

ನಮ್ಮ ಓದುಗರಲ್ಲಿ ಸಣ್ಣ ಅಂಗಡಿಯವರು ಬಹಳ ಮಂದಿ ಇದ್ದೀರಿ. ನೀವೇ ಹೇಳಿ. ನಿಮ್ಮ ತಕ್ಕಡಿಗೆ, ತೂಕದ ಕಲ್ಲಿಗೆ 2009ರ ಕಾನೂನು ಮಾಪನಶಾಸ್ತ್ರ ಕಾಯಿದೆಯ ಪ್ರಕಾರ ಕಾಲಕಾಲಕ್ಕೆ ಮುದ್ರೆ ಬೀಳಬೇಕು. ಪೊಟ್ಟಣದ ಮೇಲೆ ಅಚ್ಚಾದ ಬೆಲೆಗಿಂತ ಒಂದು ರೂಪಾಯಿ ಹೆಚ್ಚಿಗೆ ತೆಗೆದುಕೊಂಡರೆ ನೀವು ದಂಡಕ್ಕೆ ಗುರಿ. ಇಲ್ಲಿಯೋ, ಪೇಟೆಯ ಆಟದ ಸಾಮಾನಿನ ಅಂಗಡಿಯಲ್ಲಿ 100 ರೂಪಾಯಿಗೆ ಸಿಗುವ ಹತ್ತಿಯ ಪಟ್ಟಿಗೆ 250 ರೂಪಾಯಿ. "ನಮ್ಮಲ್ಲಿಯೇ ಕೊಳ್ಳಬೇಕು" ಎಂಬ ಕಟ್ಟಳೆ ಬೇರೆ. ಇದರ ತಕ್ಕಡಿಗೆ ಮುದ್ರೆ ಹಾಕುವವರಾರು?

"ಇದೆಲ್ಲ ಸಾವಿರಾರು ವರ್ಷಗಳ ಸಂಪ್ರದಾಯ, ಪ್ರಶ್ನಿಸಬಾರದು" ಎಂದು ಕೆಲವರು ಕಣ್ಣು ಮುಚ್ಚಿ ಹೇಳುತ್ತಾರೆ. ಚರಿತ್ರೆಯನ್ನು ನೋಡೋಣ. ಕರಾಟೆ ಹುಟ್ಟಿದ ಒಕಿನಾವಾ ದ್ವೀಪದಲ್ಲಿ ಹಿಂದೆ ಬಣ್ಣದ ಬೆಲ್ಟುಗಳೇ ಇರಲಿಲ್ಲ. ಬೆಲ್ಟಿನ ಪದ್ಧತಿ ಬಂದದ್ದು ಜೂಡೋದಿಂದ. ಜಪಾನಿನ ಶಿಕ್ಷಣತಜ್ಞ ಜಿಗೊರೊ ಕಾನೊ 1882ರಲ್ಲಿ ತನ್ನ ಜೂಡೋ ಶಾಲೆ ತೆರೆದು, ಮರುವರ್ಷ ಇಬ್ಬರು ಶಿಷ್ಯರಿಗೆ ಮೊದಲ 'ದಾನ್' ದರ್ಜೆ ಕೊಟ್ಟ. ಕಪ್ಪು ಬೆಲ್ಟು ಬಂದದ್ದು ಆಮೇಲೆ. ಒಕಿನಾವಾದ ಶಾಲಾಮಾಸ್ತರ ಗಿಚಿನ್ ಫುನಕೋಶಿ 1922ರಲ್ಲಿ ಟೋಕಿಯೊಗೆ ಹೋಗಿ ಕರಾಟೆಯನ್ನು ಪ್ರದರ್ಶಿಸಿ, 1924ರಲ್ಲಿ ಕಾನೊನ ಪದ್ಧತಿಯನ್ನು ಅನುಸರಿಸಿ ತನ್ನ ಶಿಷ್ಯರಿಗೆ ಮೊದಲ ದರ್ಜೆಗಳನ್ನು ಕೊಟ್ಟ. ಇನ್ನು ಈ ಹಳದಿ, ಕಿತ್ತಳೆ, ಹಸಿರುಗಳ ಸಾಲು? ಅದು ಹರಡಿದ್ದು 1930ರ ದಶಕದ ಯೂರೋಪಿನಲ್ಲಿ, ಪ್ಯಾರಿಸ್ಸಿನಲ್ಲಿ ಜೂಡೋ ಕಲಿಸುತ್ತಿದ್ದ ಕವಾಯಿಶಿಯ ಕಾಲದಿಂದ. ಕಲಿಯುವವರಿಗೆ ತಾವು ಮುಂದೆ ಹೋಗುತ್ತಿದ್ದೇವೆಂಬ ಹುಮ್ಮಸ್ಸು ಕೊಡಲು ಮಾಡಿದ ಏರ್ಪಾಡು ಅದು. ಒಂದು ನೂರು ವರ್ಷವೂ ತುಂಬದ ಈ ಬಣ್ಣದ ಏಣಿಗೆ ಸನಾತನದ ಮುದ್ರೆ ಒತ್ತುವುದು ವ್ಯಾಪಾರದ ಜಾಣತನವೇ ಹೊರತು ಸಂಪ್ರದಾಯವಲ್ಲ.

ಇನ್ನೊಂದು ಸಂಗತಿ ನೆನಪಿಡಿ. ನಮ್ಮ ಮಕ್ಕಳು ಇಂದು ಮೊದಲು ಕಲಿಯುವ ಆ 'ಹೇಯಾನ್' ವರಸೆಗಳಿವೆಯಲ್ಲ, ಅವುಗಳನ್ನು ರೂಪಿಸಿದ್ದು ಆಂಕೊ ಇತೊಸು ಎಂಬ ಒಕಿನಾವಾದ ಮುದುಕ, 1900ರ ದಶಕದಲ್ಲಿ. ಯಾರಿಗಾಗಿ? ಅಲ್ಲಿಯ ಶಾಲೆಗಳಲ್ಲಿ ಓದುವ ಮಕ್ಕಳಿಗಾಗಿ. ಗುಟ್ಟಾಗಿ ಕೆಲವರಿಗಷ್ಟೇ ಕಲಿಸುತ್ತಿದ್ದ ವಿದ್ಯೆಯನ್ನು ಅವನು ಶಾಲೆಯ ಅಂಗಳಕ್ಕೆ ತಂದ. ಅಂಥ ವಿದ್ಯೆಯ ಬಾಗಿಲಲ್ಲಿ ಗಿರಣಿ ಕಾರ್ಮಿಕನ ಮಗಳು 850 ರೂಪಾಯಿಗಾಗಿ ಚಪ್ಪಲಿಗಳ ಪಕ್ಕ ನಿಂತಿದ್ದಾಳೆ.

ಹೋಗಲಿ, ಹಣ ಕಟ್ಟಿದವರನ್ನಾದರೂ ಪರೀಕ್ಷಿಸುತ್ತಾರೆಯೇ? ಅಂದು ಕಾರ್ಯಕ್ರಮ ನಡೆದದ್ದು ಮೂರು ಗಂಟೆ. ಅದರಲ್ಲಿ ಒಂದು ಗಂಟೆ ಮುಖ್ಯ ಅತಿಥಿಗಳ ಭಾಷಣಕ್ಕೆ, ಹಾರ ಶಾಲುಗಳಿಗೆ ಹೋಯಿತು. ಉಳಿದ 120 ನಿಮಿಷಗಳನ್ನು 90 ಮಕ್ಕಳಿಗೆ ಹಂಚಿದರೆ ತಲೆಗೆ 80 ಸೆಕೆಂಡು. ಹತ್ತು ಹತ್ತು ಮಕ್ಕಳನ್ನು ಒಟ್ಟಿಗೆ ನಿಲ್ಲಿಸಿದರು ಎನ್ನಿ. ಸಾಲಿಗೆ ಹದಿಮೂರು ನಿಮಿಷವಾಯಿತು. ಆ ಹದಿಮೂರು ನಿಮಿಷದಲ್ಲಿ ಇಬ್ಬರು ಪರೀಕ್ಷಕರು ಹತ್ತು ಮಕ್ಕಳ ಇಪ್ಪತ್ತು ಕೈ, ಇಪ್ಪತ್ತು ಕಾಲು ನೋಡಿ ತೀರ್ಪು ಕೊಟ್ಟರಂತೆ! ಫಲಿತಾಂಶ? 90ಕ್ಕೆ 90 ತೇರ್ಗಡೆ. ವೇದಿಕೆಯ ಹಿಂದೆ ಚೀಲದಲ್ಲಿ ಬೆಲ್ಟುಗಳೂ ಹೆಸರು ಬರೆದ ಪ್ರಮಾಣಪತ್ರಗಳೂ ಬೆಳಿಗ್ಗೆಯೇ ಬಂದು ಕುಳಿತಿದ್ದವು. ಫಲಿತಾಂಶ ಪರೀಕ್ಷೆಗಿಂತ ಮೊದಲೇ ಊರಿಗೆ ಬಂದಿತ್ತೆಂದ ಮೇಲೆ ಪರೀಕ್ಷೆ ಯಾವುದಕ್ಕೆ? ಅಂದು ನಪಾಸಾದವಳು ಒಬ್ಬಳೇ. ಅವಳನ್ನು ಯಾರೂ ಪರೀಕ್ಷಿಸಿರಲಿಲ್ಲ.

ಇದರಲ್ಲಿ ಹಣದ ನಷ್ಟಕ್ಕಿಂತ ದೊಡ್ಡ ಅಪಾಯವಿದೆ. ಕಲಿಯದ ಮಗುವಿಗೆ ಕಲಿತಿದ್ದೀಯೆ ಎಂದು ಬೆಲ್ಟು ಕಟ್ಟಿದರೆ ಅದು ಸುಳ್ಳು ಧೈರ್ಯ. ನಾಳೆ ಕತ್ತಲ ಓಣಿಯಲ್ಲಿ ಅಡ್ಡಗಟ್ಟುವವನು ಬೆಲ್ಟಿನ ಬಣ್ಣ ಕೇಳುವುದಿಲ್ಲ.

ಪ್ರಮಾಣಪತ್ರದ ಬೆಲೆಯನ್ನೂ ತಿಳಿದುಕೊಳ್ಳಿ. ಒಂದೊಂದು ಊರಿಗೆ ಹತ್ತಾರು ಸಂಘಗಳು. ಒಬ್ಬರ ಕಾಗದ ಇನ್ನೊಬ್ಬರಿಗೆ ಒಪ್ಪಿಗೆಯಿಲ್ಲ. ಕರಾಟೆಗೆಂದು ದೇಶಕ್ಕೇ ಒಂದಿದ್ದ ಸಂಘದ ಮಾನ್ಯತೆಯನ್ನು ಭಾರತೀಯ ಒಲಿಂಪಿಕ್ ಸಂಸ್ಥೆಯೇ 2020ರಲ್ಲಿ ಹಿಂತೆಗೆದುಕೊಂಡಿತು. "ಮುಂದೆ ಒಲಿಂಪಿಕ್ಸಿಗೆ ಹೋಗಬಹುದು" ಎಂದು ಆಸೆ ಹುಟ್ಟಿಸುವವರು, 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿದ್ದ ಕರಾಟೆ 2024ರ ಪ್ಯಾರಿಸ್ ಕೂಟದಲ್ಲಿ ಇರಲಿಲ್ಲವೆಂಬುದನ್ನು ಹೇಳುವುದಿಲ್ಲ. "ಕಪ್ಪು ಬೆಲ್ಟಿದ್ದರೆ ಸರ್ಕಾರಿ ನೌಕರಿ" ಎನ್ನುವವರೂ ಇದ್ದಾರೆ. ಕ್ರೀಡಾಪಟುಗಳೆಂದು ನೌಕರಿ ಕೊಡುವಾಗ ಸರ್ಕಾರ ನೋಡುವುದು ರಾಜ್ಯ, ದೇಶಗಳ ಪರವಾಗಿ ಸ್ಪರ್ಧೆಯಲ್ಲಿ ಆಡಿದ್ದನ್ನು, ಸೊಂಟದ ಬಣ್ಣವನ್ನಲ್ಲ.

ನಮ್ಮ ಗರಡಿಮನೆಗಳನ್ನು ನೆನೆಯಿರಿ. ಕೆಮ್ಮಣ್ಣಿನ ಮಟ್ಟಿಯಲ್ಲಿ ತಾಲೀಮು ಮಾಡಿದ ಹುಡುಗನಿಗೆ ವಸ್ತಾದರು ಪ್ರಮಾಣಪತ್ರ ಕೊಡುತ್ತಿರಲಿಲ್ಲ. ಜಾತ್ರೆಯ ಅಖಾಡದಲ್ಲಿ ಎದುರಾಳಿಯ ಬೆನ್ನು ಮಣ್ಣಿಗೆ ತಾಗಿಸಿದರೆ ಅದೇ ಪರೀಕ್ಷೆ, ಊರೇ ಪರೀಕ್ಷಕ. ಆದರೆ ನಾವು ಸತ್ಯವನ್ನು ಮುಚ್ಚಿಡಬಾರದು. ಆ ಗರಡಿಯ ಬಾಗಿಲು ಹೆಣ್ಣು ಮಕ್ಕಳಿಗೆ ಮುಚ್ಚಿತ್ತು. ಎಷ್ಟೋ ಕಡೆ ಕೆಳಜಾತಿಯ ಹುಡುಗರಿಗೂ ಮುಚ್ಚಿತ್ತು. ಕರಾಟೆ ಶಾಲೆ ಆ ಬಾಗಿಲನ್ನು ತೆರೆಯಿತು. ಹೆಣ್ಣು ಗಂಡು, ಆ ಜಾತಿ ಈ ಜಾತಿ ಎನ್ನದೆ ಒಂದೇ ಬಿಳಿ ಬಟ್ಟೆಯಲ್ಲಿ ನಿಲ್ಲಿಸಿತು. ಇದು ಅದರ ದೊಡ್ಡ ಪುಣ್ಯ. ಜಾತಿಯ ಚಿಲಕ ತೆಗೆದ ಬಾಗಿಲಿಗೆ ಹಣದ ಚಿಲಕ ಹಾಕಬೇಡಿರೆಂದೇ ನಮ್ಮ ಬೇಡಿಕೆ.

ಮಾಸ್ಟರರ ಉತ್ತರವೂ ನನಗೆ ಗೊತ್ತು. "ಬಾಡಿಗೆ ಯಾರು ಕೊಡ್ತಾರೆ? ಮೇಲಿನ ಸಂಘಕ್ಕೆ ನಾನೂ ಕಟ್ಟಬೇಕಲ್ಲ?" ಸರಿಯಾದ ಮಾತು. ಪರೀಕ್ಷೆಯ ಹಣದಲ್ಲಿ ಒಂದು ಪಾಲು ಜಿಲ್ಲೆಯವರಿಗೆ, ಒಂದು ಪಾಲು ರಾಜ್ಯದವರಿಗೆ, ಕಪ್ಪು ಬೆಲ್ಟಿನದಾದರೆ ಸಮುದ್ರದಾಚೆಗೂ ಒಂದು ಪಾಲು ಹೋಗುತ್ತದೆ. ಹಳೆಯ ಜಮೀನ್ದಾರಿಯಲ್ಲಿ ಉಳುವವನಿಗೂ ಒಡೆಯನಿಗೂ ನಡುವೆ ಎಷ್ಟು ಕೈಗಳಿದ್ದವೋ ಇಲ್ಲಿಯೂ ಅಷ್ಟೇ ಕೈಗಳು. ಬೆಳಗಿನ ಐದೂವರೆಗೆ ಎದ್ದು ಮಕ್ಕಳಿಗೆ ಕಲಿಸುವ ಆ ಮಾಸ್ಟರು ಬಹಳ ಕಡೆ ನಮ್ಮದೇ ಓಣಿಯ ಹುಡುಗ. ಅವನೂ ದುಡಿಯುವವನು, ಅವನೂ ಸುಲಿಗೆಗೆ ಸಿಕ್ಕವನು. ಆದ್ದರಿಂದ ಅವನಿಗೆ ನಾವು ಹೇಳುವುದಿಷ್ಟು: ತಮ್ಮಾ, ನಿನಗೆ ಬೇಕಾದ ಕೂಲಿಯನ್ನು ತಿಂಗಳ ಶುಲ್ಕವೆಂದು ನೇರವಾಗಿ ಕೇಳು. ಆಗುವವರು ಪೂರ್ತಿ ಕೊಡುತ್ತೇವೆ, ಆಗದವರಿಗೆ ಕೂಡಿ ದಾರಿ ಹುಡುಕುತ್ತೇವೆ. ಮಗುವಿನ ಆಸೆಯನ್ನು ಒತ್ತೆಯಿಟ್ಟುಕೊಳ್ಳಬೇಡ.

ಈಗ ತಂದೆತಾಯಿಗಳು ಮಾಡಬೇಕಾದದ್ದೇನು?

ಒಂದು: ತಿಂಗಳ ಶುಲ್ಕ, ಪರೀಕ್ಷೆಯ ಶುಲ್ಕ, ಬೆಲ್ಟಿನ ಬೆಲೆ ಎಲ್ಲವನ್ನೂ ಕನ್ನಡದಲ್ಲಿ ಬರೆದು ಗೋಡೆಗೆ ಹಾಕುವಂತೆ ಕೇಳಿ, ಸೇರುವ ದಿನವೇ ಕೇಳಿ.

ಎರಡು: ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ. ಮಾಡಿದ ಸೇವೆಗೆ ರಸೀದಿ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಎಣಿಸಿದೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷ ರೂಪಾಯಿಯವರೆಗಿನ ದೂರಿಗೆ ಶುಲ್ಕವಿಲ್ಲ.

ಮೂರು: ಬೆಲ್ಟನ್ನು ಬೇಕಾದ ಅಂಗಡಿಯಲ್ಲಿ ಕೊಳ್ಳುವ ಸ್ವಾತಂತ್ರ್ಯವಿರಲಿ.

ನಾಲ್ಕು: ಪರೀಕ್ಷೆ ನಿಜವಾಗಿ ನಡೆಯಲಿ. ಪ್ರತಿ ಮಗುವಿನ ತಪ್ಪು ಒಪ್ಪುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಡಲಿ. ಸಿದ್ಧವಿಲ್ಲದ ಮಗುವಿಗೆ "ಇನ್ನೂ ಕಲಿ" ಎಂದು ಹೇಳುವ ಧೈರ್ಯ ಮಾಸ್ಟರಿಗಿರಲಿ, ಅದನ್ನು ಕೇಳುವ ತಾಳ್ಮೆ ನಮಗಿರಲಿ. ಹಣ ಕಟ್ಟಿದ್ದೇವೆ, ಬೆಲ್ಟು ಕೊಡಿ ಎಂದು ಜಗಳ ಮಾಡುವ ತಂದೆತಾಯಿಗಳೂ ಈ ಪಾಪದಲ್ಲಿ ಪಾಲುದಾರರು.

ಐದು: ಹಣವಿಲ್ಲವೆಂಬ ಕಾರಣಕ್ಕೆ ಕಲಿತ ಮಗುವನ್ನು ಹೊರಗೆ ನಿಲ್ಲಿಸಕೂಡದು.

ಸರ್ಕಾರಕ್ಕೂ ಒಂದು ಮಾತು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಯ 6ರಿಂದ 12ನೆಯ ತರಗತಿಯ ಹುಡುಗಿಯರ ಆತ್ಮರಕ್ಷಣಾ ತರಬೇತಿಗೆ ರಾಣಿ ಲಕ್ಷ್ಮೀಬಾಯಿಯ ಹೆಸರಿಟ್ಟು, ಶಾಲೆಯೊಂದಕ್ಕೆ ತಿಂಗಳಿಗೆ 5,000 ರೂಪಾಯಿಯಂತೆ ಮೂರು ತಿಂಗಳಿಗೆ ಹಣ ಗೊತ್ತುಮಾಡಲಾಯಿತು. ಹೆಸರು ದೊಡ್ಡದು, ಮೂರು ತಿಂಗಳು ಚಿಕ್ಕದು. ವರ್ಷವಿಡೀ ಕಲಿಸಿ, ಕಲಿಸುವ ತರುಣರಿಗೆ ಸರಿಯಾದ ಸಂಬಳ ಕೊಟ್ಟರೆ ಬೆಲ್ಟಿನ ವ್ಯಾಪಾರ ತಾನಾಗಿಯೇ ಇಳಿಯುತ್ತದೆ. ನಗರಸಭೆ ತನ್ನ ಮೈದಾನವನ್ನು ಬೆಳಿಗ್ಗೆ ಎರಡು ಗಂಟೆ ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರೆ ಮಾಸ್ಟರರ ಬಾಡಿಗೆಯ ದೂರೂ ತೀರುತ್ತದೆ.

ಮುಂದಿನ ಪರೀಕ್ಷೆಗೆ ಇನ್ನು ನಾಲ್ಕು ತಿಂಗಳಿದೆ. ಒಬ್ಬೊಬ್ಬರೇ ಹೋಗಿ ಕೇಳಿದರೆ "ಇಷ್ಟವಿದ್ದರೆ ಇರಿ, ಇಲ್ಲದಿದ್ದರೆ ಬಿಡಿ" ಎಂಬ ಉತ್ತರ ಬರುತ್ತದೆ. ಇದು ಗಿರಣಿಯ ಕಚೇರಿಯಲ್ಲಿ ನಾವು ಕೇಳಿ ಹಳಸಿದ ಉತ್ತರ. ಅಲ್ಲಿ ಅದಕ್ಕೆ ಮದ್ದು ಕಂಡುಕೊಂಡವರು ನಾವು. ತೊಂಬತ್ತು ಮಕ್ಕಳ ತಂದೆತಾಯಿಗಳು ಒಂದು ಸಂಜೆ ಒಟ್ಟಿಗೆ ಕುಳಿತು, ಈ ಐದು ಬೇಡಿಕೆಗಳನ್ನು ಬರೆದು, ಎಲ್ಲರೂ ರುಜು ಹಾಕಿ ಮಾಸ್ಟರ ಕೈಗೆ ಕೊಡಲಿ. ಆ ಕಾಗದದ ಮೇಲಿನ ಮೊದಲ ರುಜು, ಅಂದು ಬಾಗಿಲ ಹೊರಗೆ ನಿಂತಿದ್ದ ಆ ಕಾರ್ಮಿಕನದಾಗಿರಲಿ.