‘ಅಲ್ಲಿ ಯಾರೂ ಸಾಯುವುದಿಲ್ಲ’ ಎಂಬ ಸಮಾಧಾನ

ಕಳೆದ ವರ್ಷ ದಶಲಕ್ಷಣ ಪರ್ವಕ್ಕೆ ಮುಂಚೆ ನಮ್ಮ ಊರಿನ ಬಸದಿಯ ಟ್ರಸ್ಟಿನ ಸಭೆಯಲ್ಲಿ ಒಂದು ಠರಾವು ಮಂಡಿತವಾಯಿತು. ಪಾಠಶಾಲೆಗೆ ಬರುವ ಮಕ್ಕಳು ಕಂಪ್ಯೂಟರಿನಲ್ಲಾಗಲಿ ಮೊಬೈಲಿನಲ್ಲಾಗಲಿ ಕಾದಾಟದ ಆಟಗಳನ್ನು ಆಡಕೂಡದು, ಆಡುವವರಿಗೆ ವಾರ್ಷಿಕ ಬಹುಮಾನ ಸಲ್ಲದು ಎಂಬುದು ಅದರ ತಾತ್ಪರ್ಯ. ಹಿರಿಯರೆಲ್ಲರೂ ತಲೆದೂಗಿದರು. ಆಗ ಹಿಂದಿನ ಸಾಲಿನಲ್ಲಿದ್ದ ಕಾಲೇಜು ವಿದ್ಯಾರ್ಥಿಯೊಬ್ಬ ಎದ್ದು ನಿಂತು, “ಹಿರಿಯರು ತಪ್ಪು ತಿಳಿಯಬಾರದು. ಅಲ್ಲಿ ಯಾರೂ ಸಾಯುವುದಿಲ್ಲವಲ್ಲ! ಬಿದ್ದವನು ಸ್ವಲ್ಪ ಹೊತ್ತಿಗೆ ಎದ್ದು ಮತ್ತೆ ಆಡುತ್ತಾನೆ. ಇದರಲ್ಲಿ ಹಿಂಸೆ ಎಲ್ಲಿದೆ ಹೇಳಿ” ಎಂದು ಕೇಳಿದ. ಸಭೆಯಲ್ಲಿ ಯಾರಿಂದಲೂ ಉತ್ತರ ಬರಲಿಲ್ಲ. ಠರಾವು ಮಾತ್ರ ಅಂಗೀಕಾರವಾಯಿತು. ಕೈ ಎತ್ತಿದವರಲ್ಲಿ ನಾನೂ ಒಬ್ಬ.

ಆ ಠರಾವಿನ ಫಲವನ್ನು ಈಗ ಕಾಣುತ್ತಿದ್ದೇವೆ. ಪಾಠಶಾಲೆಗೆ ಬರುವ ದೊಡ್ಡ ಹುಡುಗರ ಸಂಖ್ಯೆ ಕುಗ್ಗಿತು, ಆಟ ಕುಗ್ಗಲಿಲ್ಲ. ಪ್ರಶ್ನೆಗೆ ಉತ್ತರ ಕೊಡದೆ ನಿಷೇಧ ಹೇರಿದರೆ ಇದಲ್ಲದೆ ಬೇರೇನಾಗುತ್ತದೆ? ಅರಿಯದ ವಿಷಯಕ್ಕೆ ಕೈ ಎತ್ತಿದ ತಪ್ಪು ನನ್ನನ್ನು ಕಾಡಿತು. ಅದೇ ಹುಡುಗನ ಪಕ್ಕದಲ್ಲಿ ಹಲವು ಸಂಜೆ ಕುಳಿತು, ಆ ಆಟಗಳನ್ನು ಕಣ್ಣಾರೆ ಕಂಡು, ಅವುಗಳ ಚರಿತ್ರೆಯನ್ನು ಓದಿ ತಿಳಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನನ್ನ ಮಾತು ಠರಾವು ಮಾಡಿದ ನಮಗೂ ಸಲ್ಲುತ್ತದೆ, ಪ್ರಶ್ನೆ ಕೇಳಿದ ಅವನಿಗೂ ಸಲ್ಲುತ್ತದೆ.

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. ಅಂತರ್ಜಾಲದ ಪಾತ್ರಧಾರಿ ಆಟಗಳಲ್ಲಿ ಸಾವಿರಾರು ಜನ ಒಂದೇ ಕಾಲ್ಪನಿಕ ಲೋಕದೊಳಗೆ ಏಕಕಾಲದಲ್ಲಿ ಸಂಚರಿಸುತ್ತಾರೆ. ಪ್ರತಿಯೊಬ್ಬನೂ ಯೋಧ, ಮಂತ್ರವಾದಿ, ವೈದ್ಯ ಎಂದು ಒಂದೊಂದು ಪಾತ್ರವನ್ನು ಧರಿಸುತ್ತಾನೆ. ಆಡಿದಂತೆ ದೊರೆಯುವ ಅಂಕಗಳನ್ನು ಬಲ, ವೇಗ, ರಕ್ಷಣೆ, ವಿದ್ಯೆ ಎಂದು ಹಂಚಬೇಕು. ಅಂಕಗಳು ಮಿತವಾದ್ದರಿಂದ ಎಲ್ಲವೂ ಒಬ್ಬನಿಗೆ ಲಭಿಸದು; ಒಂದನ್ನು ಪಡೆದರೆ ಇನ್ನೊಂದನ್ನು ಬಿಡಬೇಕು. ಹೀಗೆ ಆಯ್ದು ಕಟ್ಟಿದ ಪಾತ್ರಕ್ಕೆ ಆಟಗಾರರು ‘ಬಿಲ್ಡ್’ ಎನ್ನುತ್ತಾರೆ.

ಯಂತ್ರವೇ ನಡೆಸುವ ರಾಕ್ಷಸನ ವಿರುದ್ಧ ಕಟ್ಟುವ ಬಿಲ್ಡ್ ಬೇರೆ, ಮನುಷ್ಯನ ವಿರುದ್ಧ ಕಟ್ಟುವುದು ಬೇರೆ. ರಾಕ್ಷಸನನ್ನು ಕೆಡವಲು ಬಹಳ ಹೊತ್ತು ಒಂದೇ ಸಮನೆ ಹೊಡೆಯುವ ಶಕ್ತಿ ಸಾಕು. ಮನುಷ್ಯ ಓಡುತ್ತಾನೆ, ಅಡಗುತ್ತಾನೆ, ಸಂಗಡಿಗರನ್ನು ಕರೆಯುತ್ತಾನೆ. ಆದುದರಿಂದ ಅವನಿಗೆ ಎಚ್ಚರವಾಗುವ ಮುನ್ನವೇ ಎಲ್ಲ ಹೊಡೆತಗಳನ್ನೂ ಒಮ್ಮೆಗೇ ಸುರಿಯುವ ಶಕ್ತಿ ಬೇಕು, ಅವನು ಅಲುಗಾಡದಂತೆ ಸ್ತಂಭನಗೊಳಿಸುವ ಉಪಾಯ ಬೇಕು. ಗುಂಪಿನ ತಂತ್ರವೂ ಹೀಗೆಯೇ. ಒಬ್ಬ ಗುರಿಯನ್ನು ಕೂಗಿ ಹೇಳುತ್ತಾನೆ, ಎಲ್ಲರೂ ಆ ಒಬ್ಬನನ್ನೇ ಹೊಡೆಯುತ್ತಾರೆ. ಎದುರು ಪಕ್ಷದಲ್ಲಿ ಗಾಯ ಮಾಯಿಸುವ ವೈದ್ಯನಿದ್ದರೆ ಮೊದಲು ಅವನನ್ನೇ ಕೆಡವುತ್ತಾರೆ, ಇಲ್ಲವೇ ಅವನ ಕೈ ಕಟ್ಟುತ್ತಾರೆ.

2004ರಲ್ಲಿ ಅಮೆರಿಕದ ಬ್ಲಿಝರ್ಡ್ ಸಂಸ್ಥೆ ಹೊರತಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದಲ್ಲಿ ‘ರೋಗ್’ ಎಂಬ ಪಾತ್ರವಿದೆ. ಅವನು ಕಣ್ಣಿಗೆ ಬೀಳದಂತೆ ಬಂದು ಬೆನ್ನ ಹಿಂದಿನಿಂದ ಎರಗಿ, ಒಂದು ಸ್ತಂಭನ ಮುಗಿಯುವುದರೊಳಗೆ ಇನ್ನೊಂದನ್ನು ಹಾಕುತ್ತಾನೆ. ಸಿಕ್ಕಿದವನು ಕೀಲಿಮಣೆಯ ಮೇಲೆ ಕೈಯಿಟ್ಟು ತನ್ನ ಪಾತ್ರ ಸಾಯುವುದನ್ನು ಸುಮ್ಮನೆ ನೋಡಬೇಕು. ಇದು ಅತಿಯಾಗದಿರಲೆಂದು ಆಟ ಕಟ್ಟಿದವರೇ ಒಂದು ನಿಯಮ ಮಾಡಬೇಕಾಯಿತು: ಒಂದೇ ಬಗೆಯ ಸ್ತಂಭನವನ್ನು ಒಬ್ಬನ ಮೇಲೆ ಬೆನ್ನುಬೆನ್ನಿಗೆ ಪ್ರಯೋಗಿಸಿದರೆ ಅದರ ಅವಧಿ ಕುಗ್ಗುತ್ತ ಹೋಗಿ ಕಡೆಗೆ ನಾಟುವುದೇ ಇಲ್ಲ. ಯಾರೂ ಸಾಯದ ಲೋಕದಲ್ಲಿ ಈ ಕರುಣೆಯ ನಿಯಮ ಏಕೆ ಬೇಕಾಯಿತು? ಆ ಬೊಂಬೆಯ ಹಿಂದೆ ನೋಯುವ ಮನಸ್ಸೊಂದು ಕುಳಿತಿದೆ ಎಂಬುದನ್ನು ಆಟ ಕಟ್ಟಿದವರು ಅರಿತಿದ್ದರು.

ಇನ್ನು ‘ಯಾರೂ ಸಾಯುವುದಿಲ್ಲ’ ಎಂಬ ವಾದಕ್ಕೆ ಬರೋಣ. ಈ ವಾದ ನಮಗೆ ಹೊಸದಲ್ಲ. ಜನ್ನನು 1209ರಲ್ಲಿ ಬರೆದ ‘ಯಶೋಧರ ಚರಿತೆ’ಯ ಕಥೆಯನ್ನು ಬಲ್ಲ ನಮಗೆ ಅದು ಹಿಟ್ಟಿನ ಕೋಳಿಯ ವಾದ. ಜೀವಂತ ಪ್ರಾಣಿಯನ್ನು ಬಲಿಕೊಡಲು ಒಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನಲ್ಲಿ ಮಾಡಿದ ಕೋಳಿಯನ್ನು ಕಡಿದನು. ಪ್ರಾಣಿವಧೆಯಾಗಲಿಲ್ಲ, ಸಂಕಲ್ಪವಾಯಿತು. ಆ ಸಂಕಲ್ಪದ ಫಲವಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪಶುಪಕ್ಷಿಗಳಾಗಿ ತೊಳಲಿದರು. ಪರದೆಯ ಮೇಲಿನ ಬೊಂಬೆಯಾದರೋ ಹಿಟ್ಟಿನ ಕೋಳಿಗಿಂತ ಒಂದು ಹೆಜ್ಜೆ ಮುಂದೆ ಇದೆ. ಇದರ ಹಿಂದೆ ನಿಜವಾದ ಮನುಷ್ಯನಿದ್ದಾನೆ.

ಹಿಂಸೆಗೆ ಆಧಾರವಾಗುವ ಜೀವವ್ಯಾಪಾರಗಳನ್ನು ನಮ್ಮ ಆಚಾರ್ಯರು ನೂರೆಂಟು ಬಗೆಯಾಗಿ ಎಣಿಸಿದ್ದಾರೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು ಹಂತಗಳು. ಮನ, ವಚನ, ಕಾಯ ಎಂಬ ಮೂರು ಯೋಗಗಳು. ತಾನು ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು ಎಂಬ ಮೂರು. ಇವಕ್ಕೆ ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳು. ಜಪಮಾಲೆಯ ಮಣಿಗಳನ್ನು ಎಣಿಸುವಾಗ ಈ ಲೆಕ್ಕವನ್ನು ಎಷ್ಟು ಮಂದಿ ನೆನೆಯುತ್ತೇವೋ ತಿಳಿಯದು. ದುರ್ಬಲನೊಬ್ಬನನ್ನು ಸದೆಬಡಿಯಲು ಯೋಚಿಸುವುದು ಸಂರಂಭವಾದರೆ, ಅದಕ್ಕೆಂದೇ ಬಿಲ್ಡ್ ಕಟ್ಟಿ ಆಯುಧಗಳನ್ನು ಕೂಡಿಸುವುದು ಸಮಾರಂಭ. ಗುಂಪಿನ ಹಿಂದೆ ನಿಂತು, “ನಾನು ಯಾರನ್ನೂ ಹೊಡೆಯಲಿಲ್ಲ, ನಮ್ಮವರ ಗಾಯವನ್ನಷ್ಟೇ ಮಾಯಿಸಿದೆ” ಎನ್ನುವವನೂ ಈ ಲೆಕ್ಕದ ಹೊರಗಿಲ್ಲ. ಅದರ ದೃಶ್ಯವನ್ನು ನೋಡಿ ನಗುವವನೂ ಹೊರಗಿಲ್ಲ.

ಹಾಗಾದರೆ ಠರಾವು ಸರಿಯೇ ಆಯಿತಲ್ಲ ಎಂದು ಹಿರಿಯರು ಹಿಗ್ಗಬೇಕಾಗಿಲ್ಲ. ಸ್ಪರ್ಧೆಯೆಲ್ಲವೂ ಹಿಂಸೆಯಲ್ಲ. ಭರತ ಬಾಹುಬಲಿಯರ ನಡುವೆ ಯುದ್ಧ ಒದಗಿದಾಗ ಮಂತ್ರಿಗಳು ಏನು ಮಾಡಿದರು? ಸೇನೆಗಳನ್ನು ದೂರ ನಿಲ್ಲಿಸಿ, ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂಬ ಮೂರು ಧರ್ಮಯುದ್ಧಗಳನ್ನು ಏರ್ಪಡಿಸಿದರು. ಇಬ್ಬರೂ ಒಪ್ಪಿದರು, ಇಬ್ಬರೂ ಸಮಬಲರು, ನಿಯಮ ಇಬ್ಬರಿಗೂ ಒಂದೇ. ಅಲ್ಲಿ ಕಳಂಕ ತಟ್ಟಿದ್ದು ಹೋರಾಟದಿಂದಲ್ಲ, ಸೋತ ಭರತನು ಒಪ್ಪಂದವನ್ನು ಮೀರಿ ಚಕ್ರರತ್ನವನ್ನು ಪ್ರಯೋಗಿಸಿದಾಗ. ಒಪ್ಪಿಗೆ ಮತ್ತು ಸಮಾನತೆ, ಈ ಎರಡನ್ನೇ ಅಳತೆಗೋಲಾಗಿ ಹಿಡಿದು ಈ ಆಟಗಳ ಚರಿತ್ರೆಯನ್ನು ನೋಡೋಣ.

1997ರಲ್ಲಿ ಪ್ರಾರಂಭವಾದ ‘ಅಲ್ಟಿಮಾ ಆನ್‌ಲೈನ್’ ಎಂಬ ಆಟದಲ್ಲಿ ಊರಿನ ಕಾವಲನ್ನು ದಾಟಿದೊಡನೆ ಯಾರು ಯಾರನ್ನು ಬೇಕಾದರೂ ಕೊಂದು ದೋಚಬಹುದಾಗಿತ್ತು. ಕೊಲೆಗಡುಕರ ಹೆಸರು ಕೆಂಪು ಅಕ್ಷರಗಳಲ್ಲಿಯೂ ನಿರಪರಾಧಿಗಳ ಹೆಸರು ನೀಲಿಯಲ್ಲಿಯೂ ಕಾಣುವಂತೆ ಮಾಡಿದರು. ಆದರೂ ಗಣಿಯಲ್ಲಿ ಅದಿರು ಅಗೆಯುತ್ತಿದ್ದ, ಬಟ್ಟೆ ಹೊಲಿಯುತ್ತಿದ್ದ ಸಾಧು ಆಟಗಾರರ ಮೇಲೆ ಗುಂಪುಗಳು ಎರಗುವುದು ನಿಲ್ಲಲಿಲ್ಲ. ಕೊನೆಗೆ 2000ದಲ್ಲಿ ಆ ಲೋಕವನ್ನೇ ಎರಡಾಗಿ ಮಾಡಿದರು. ‘ಫೆಲುಕ್ಕಾ’ದಲ್ಲಿ ಹಳೆಯ ಕಾನೂನು, ‘ಟ್ರಾಮೆಲ್’ನಲ್ಲಿ ಒಪ್ಪಿಗೆಯಿಲ್ಲದೆ ಯಾರೂ ಯಾರನ್ನೂ ಹೊಡೆಯುವಂತಿಲ್ಲ. ಬಹುಪಾಲು ಆಟಗಾರರು ಟ್ರಾಮೆಲ್‌ಗೆ ವಲಸೆ ಹೋದರು. ಯಾವ ಧರ್ಮೋಪದೇಶವೂ ಇಲ್ಲದೆ, ಜನ ತಾವಾಗಿಯೇ ಅಭಯವನ್ನು ಆರಿಸಿಕೊಂಡರು ಎಂಬುದನ್ನು ಗಮನಿಸಬೇಕು. ವಾರ್‌ಕ್ರಾಫ್ಟ್ ಆಟವೂ ಕಡೆಗೆ ಇಲ್ಲಿಗೇ ಬಂದಿತು. 2018ರಲ್ಲಿ ಅದು ತಂದ ‘ವಾರ್ ಮೋಡ್’ ಎಂಬ ವ್ಯವಸ್ಥೆಯಲ್ಲಿ, ಕಾದಾಟಕ್ಕೆ ಸಿದ್ಧನೆಂದು ಗುಂಡಿ ಒತ್ತಿದವನನ್ನು ಮಾತ್ರ ಹಾದಿಬೀದಿಯಲ್ಲಿ ಕೆಣಕಬಹುದು.

ಅದೇ ಆಟದ ಇನ್ನೊಂದು ಪ್ರಸಂಗ ಮನಸ್ಸನ್ನು ಕಲಕುವಂಥದು. 2005ರಲ್ಲಿ ಅಲ್ಲಿ ಎದುರು ಪಕ್ಷದವರನ್ನು ಕೊಂದವರಿಗೆ ‘ಆನರ್’, ಎಂದರೆ ಮಾನ, ಎಂಬ ಅಂಕ ಕೊಡುವ ಪದ್ಧತಿ ಬಂದಿತು. ಯಂತ್ರ ನಡೆಸುವ ಸಾಮಾನ್ಯ ನಾಗರಿಕನ ಬೊಂಬೆಯನ್ನು ಕೊಂದರೆ ಮಾನ ಕಳೆಯುತ್ತಿತ್ತು. ಆದರೆ ತೀರ ಕೆಳಹಂತದ, ಎದುರಿಸಲಾಗದ, ಜೀವಂತ ಆಟಗಾರನನ್ನು ಕೊಂದರೆ ಮಾನ ಬರುತ್ತಲೂ ಇರಲಿಲ್ಲ, ಕಳೆಯುತ್ತಲೂ ಇರಲಿಲ್ಲ, ಲೆಕ್ಕ ಸೊನ್ನೆ. ಲಾಭವಿಲ್ಲವೆಂದು ಬಲಿಷ್ಠರು ಅವರನ್ನು ಬಿಟ್ಟರೇ? ಇಲ್ಲ. ಎಳೆಯ ಪಾತ್ರಗಳನ್ನು ಹೊಂಚಿ ಹೊಡೆಯುವುದು, ಬಿದ್ದವನ ಶವದ ಬಳಿ ಕಾದಿದ್ದು ಅವನು ಎದ್ದೊಡನೆ ಮತ್ತೆ ಕೆಡವುವುದು ನಡೆದೇ ಇತ್ತು. ಅಂಕವಿಲ್ಲ, ಧನವಿಲ್ಲ, ಕೀರ್ತಿಯಿಲ್ಲ. ಉಳಿದದ್ದು ಒಂದೇ, ಪರರ ಸಂಕಟದಲ್ಲಿ ಸಿಗುವ ಸಂತೋಷ. ಇದಕ್ಕೆ ನಮ್ಮಲ್ಲಿ ಹಿಂಸಾನಂದವೆಂಬ ಹೆಸರಿದೆ; ರೌದ್ರಧ್ಯಾನದಲ್ಲಿ ಮೊದಲನೆಯದು ಅದು. ಪ್ರಯೋಜನವಿಲ್ಲದೆ ಪರರನ್ನು ಪೀಡಿಸುವುದು ಅನರ್ಥದಂಡ. ಶ್ರಾವಕನಾದವನು ಅದನ್ನು ಬಿಡಬೇಕೆಂಬುದೇ ಒಂದು ವ್ರತ.

“ಆಟದ ನಿಯಮದಲ್ಲಿ ಅವಕಾಶವಿದೆಯಲ್ಲ” ಎಂಬುದು ಕೊನೆಯ ಆಶ್ರಯ. 2006ರಲ್ಲಿ ಅದೇ ಆಟದ ಆಟಗಾರರೊಬ್ಬರು ನಿಜಜೀವನದಲ್ಲಿಯೇ ತೀರಿಕೊಂಡರು. ಅವರ ಸಂಗಡಿಗರು ಆಟದೊಳಗಿನ ಹಿಮಪ್ರದೇಶದ ಒಂದು ಸರೋವರದ ದಡದಲ್ಲಿ ತಮ್ಮ ಪಾತ್ರಗಳನ್ನು ಸಾಲಾಗಿ ನಿಲ್ಲಿಸಿ ಶ್ರದ್ಧಾಂಜಲಿ ಸಲ್ಲಿಸುತ್ತಿದ್ದರು. ಸುದ್ದಿ ತಿಳಿದ ಎದುರು ಪಕ್ಷದ ಗುಂಪೊಂದು ವ್ಯೂಹ ಕಟ್ಟಿಕೊಂಡು ಬಂದು ಅವರೆಲ್ಲರನ್ನೂ ಕೊಂದು ಕೆಡವಿತು. ಆ ದೃಶ್ಯವನ್ನು ಚಿತ್ರೀಕರಿಸಿ, ಸಂಗೀತ ಸೇರಿಸಿ, ಲೋಕಕ್ಕೆಲ್ಲ ತೋರಿಸಿತು. ಆ ಸರ್ವರಿನಲ್ಲಿ ಕಾದಾಟಕ್ಕೆ ಅನುಮತಿ ಇತ್ತು ಎಂಬುದು ಸಮರ್ಥಕರ ವಾದವಾಗಿತ್ತು. ಅನುಮತಿ ಇದ್ದುದು ನಿಜ. ಗುಂಪಿನ ತಂತ್ರ ನಿಪುಣವಾಗಿದ್ದುದೂ ನಿಜ. ಆದರೆ ನಿಯಮ ಬಿಟ್ಟುಕೊಟ್ಟಿದ್ದೆಲ್ಲವೂ ಧರ್ಮವಾಗುವುದಾದರೆ, ಕಾನೂನಿಗೆ ಸಿಗದಂತೆ ಬಡ್ಡಿ ಹಿಂಡುವ ವ್ಯಾಪಾರಿಯನ್ನು ನಾವು ನಿಂದಿಸುವುದೇಕೆ? ಅವನೂ ಇದೇ ಮಾತನ್ನು ಹೇಳುತ್ತಾನೆ. ಮಕ್ಕಳ ಆಟವನ್ನು ಖಂಡಿಸುವ ಮೊದಲು ನಮ್ಮ ನಮ್ಮ ಅಂಗಡಿಗಳ ಲೆಕ್ಕವನ್ನು ನೋಡಿಕೊಳ್ಳುವುದೂ ಒಳ್ಳೆಯದು.

ಈ ಲೋಕದಲ್ಲಿ ಧರ್ಮದ ದಾರಿಯೂ ಉಂಟು. 2007ರಿಂದ ವಾರ್‌ಕ್ರಾಫ್ಟ್‌ನಲ್ಲಿ ‘ಅರೀನಾ’ ಎಂಬ ಅಖಾಡಗಳಿವೆ. ಇಬ್ಬರಿಗೆ ಇಬ್ಬರು, ಮೂವರಿಗೆ ಮೂವರು, ಒಪ್ಪಿ ಬಂದವರೇ ಸೆಣಸುತ್ತಾರೆ. ಗೆಲುವು ಸೋಲುಗಳ ಎಣಿಕೆಯಂತೆ ಸಮಾನರಿಗೆ ಸಮಾನರನ್ನೇ ಜೋಡಿಸಲು ಯತ್ನಿಸಲಾಗುತ್ತದೆ. ಅಲ್ಲಿ ಒಳ್ಳೆಯ ಬಿಲ್ಡ್ ಕಟ್ಟುವುದು ಬುದ್ಧಿಯ ಕೆಲಸ. ಸಂಗಡಿಗನ ಕಷ್ಟಕ್ಕೆ ಕ್ಷಣದಲ್ಲಿ ಒದಗುವುದು ಸಹಕಾರದ ಪಾಠ. ಚದುರಂಗಕ್ಕೆ ಸಲ್ಲುವ ಮರ್ಯಾದೆ ಇದಕ್ಕೂ ಸಲ್ಲಬೇಕು, ಅಲ್ಲಿಯೂ ಕಷಾಯವನ್ನು ಗೆಲ್ಲುವ ಎಚ್ಚರ ಇರಬೇಕೆಂಬುದು ಬೇರೆ ಮಾತು. ಇನ್ನೂ ಒಂದು ಸೋಜಿಗವಿದೆ. 2012ರಲ್ಲಿ ಆ ಆಟದಲ್ಲಿ ಯಾವ ಪಕ್ಷಕ್ಕೂ ಸೇರದೆ ಬದುಕನ್ನು ಪ್ರಾರಂಭಿಸುವ ಹೊಸ ಕುಲವೊಂದು ಬಂದಿತು. ‘ಡಬಲ್‌ಏಜೆಂಟ್’ ಎಂಬ ಪಾತ್ರವನ್ನು ಧರಿಸಿದ ಆಟಗಾರನೊಬ್ಬ ಪಕ್ಷವನ್ನು ಆರಿಸದೆ, ಪ್ರಾರಂಭದ ದ್ವೀಪವನ್ನೇ ಬಿಡದೆ, ಗಿಡಮೂಲಿಕೆ ಕಿತ್ತು, ಅದಿರು ಅಗೆದು, ಅಂದಿನ ಅತ್ಯುನ್ನತ ಹಂತಕ್ಕೆ ಏರಿದ. ಬೇರೆಯವರು ಕೆಲವೇ ದಿನಗಳಲ್ಲಿ ಏರುವ ದಾರಿಯನ್ನು ಅವನು ದೀರ್ಘಕಾಲದ ತಾಳ್ಮೆಯಿಂದ ಏರಿದ. ಕೊಲ್ಲುವುದಕ್ಕೆಂದೇ ಕಟ್ಟಿದ ಲೋಕದಲ್ಲಿಯೂ ಕೊಲ್ಲುತ್ತ ಏರುವುದು ಅನಿವಾರ್ಯವಲ್ಲ ಎಂದಾಯಿತು.

ಆದುದರಿಂದ ಟ್ರಸ್ಟುಗಳ ಧರ್ಮಬಂಧುಗಳಲ್ಲಿ ನನ್ನ ವಿನಂತಿ ಇಷ್ಟು. ನಿಷೇಧದ ಠರಾವನ್ನು ಹಿಂದಕ್ಕೆ ಪಡೆಯೋಣ. ಅದರ ಬದಲು ಪಾಠಶಾಲೆಯಲ್ಲಿ ಮೂರು ಪ್ರಶ್ನೆಗಳನ್ನು ಇಡೋಣ. ನಿನ್ನ ಎದುರಾಳಿ ಈ ಕಾದಾಟಕ್ಕೆ ಒಪ್ಪಿ ಬಂದವನೇ? ಅವನಿಗೆ ಗೆಲ್ಲುವ ಅವಕಾಶ ಉಂಟೇ? ಅವನು ಬಿದ್ದಾಗ ನಿನಗಾದ ಸಂತೋಷ ನಿನ್ನ ಜಾಣ್ಮೆಯದೋ, ಅವನ ಸಂಕಟದ್ದೋ? ಮನೆಯಲ್ಲಿ ತಂದೆತಾಯಂದಿರು ಒಂದು ಸಂಜೆ ಮಗನ ಪಕ್ಕದಲ್ಲಿ ಕುಳಿತು ನೋಡಿದರೆ ಈ ಪ್ರಶ್ನೆಗಳನ್ನು ಕೇಳುವ ಅಧಿಕಾರ ಅವರಿಗೆ ತಾನಾಗಿಯೇ ಬರುತ್ತದೆ. ನೋಡದೆ ಗದರಿಸುವವರಿಗೆ ಆ ಅಧಿಕಾರವಿಲ್ಲ.

ಸಭೆಯಲ್ಲಿ ಎದ್ದು ನಿಂತ ಆ ಹುಡುಗನಿಗೂ ಒಂದು ಮಾತು. ನಿನ್ನ ಪ್ರಶ್ನೆಗೆ ಉತ್ತರ ತಡವಾಯಿತು. ಅದಕ್ಕೆ ಕ್ಷಮೆ ಇರಲಿ. ಅಲ್ಲಿ ಯಾರೂ ಸಾಯುವುದಿಲ್ಲ, ನಿಜ. ಆದರೆ ಕ್ಷಮಾವಣಿಯ ದಿನ ನಾವು ತಿಳಿದೂ ತಿಳಿಯದೆಯೂ ನೋಯಿಸಿದ ಸಕಲ ಜೀವಿಗಳಲ್ಲಿ ಕ್ಷಮೆ ಬೇಡುತ್ತೇವಷ್ಟೆ. ದೂರದ ಯಾವುದೋ ಊರಿನಲ್ಲಿ, ನಿನ್ನ ಗುಂಪು ಏಳೆಂಟು ಬಾರಿ ಸುತ್ತುಗಟ್ಟಿ ಕೆಡವಿದ ಮೇಲೆ ಕಂಪ್ಯೂಟರನ್ನು ಆರಿಸಿ ಎದ್ದುಹೋದ, ಹೆಸರು ತಿಳಿಯದ ಒಬ್ಬ ಹುಡುಗನಿದ್ದಾನೆ. ಆ ದಿನದ ನಿನ್ನ ಪ್ರಾರ್ಥನೆಯಲ್ಲಿ ಅವನೂ ಇರಬೇಕೋ ಬೇಡವೋ ಎಂಬುದನ್ನು ನೀನೇ ತೀರ್ಮಾನಿಸು. ಇರಬೇಕೆಂದು ತೋರಿದರೆ, ಹಿಂಸೆ ಎಲ್ಲಿದೆ ಎಂಬುದಕ್ಕೆ ಬೇರೆ ಉತ್ತರವನ್ನು ನಾನು ಹೇಳಬೇಕಾಗಿಲ್ಲ.